ಕೊಡದೆ ಹೋದ ರೊಕ್ಕ

ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಒಂದು ಸಾಲು ಬರುತ್ತದೆ. ಎಟಿಎಂ, ಎಎಂಸಿ, ಜಿಎಸ್‌ಟಿ ಎಂಬ ತುಂಡಕ್ಷರಗಳು, ಅವುಗಳ ಮುಂದೆ ಒಂದು ಮೊತ್ತ. ನಾನು ಬಹಳ ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕೂತು ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯವರು, ಕಮಲಾಪುರದ ತವರಿನ ಕಡೆಯವರು ಪಾಸ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ, ಓದಿ ಹೇಳುತ್ತೇನೆ. ಈ ಸಾಲಿಗೆ ಬಂದಾಗ ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಒಂದೇ ಮಾತು: "ಇದನ್ನ ನಾ ಯಾವಾಗ ಕೊಟ್ಟೆ?" ಎಷ್ಟು ಹೋಯಿತು ಎಂಬುದು ಆಮೇಲಿನ ಮಾತು. ತಾನು ಕೊಡದೆ ತನ್ನದು ಹೋಯಿತಲ್ಲ ಎಂಬುದೇ ಮೊದಲ ಸಂಕಟ. ಇದಕ್ಕೆ ಬ್ಯಾಂಕಿನ ನಿಯಮದಲ್ಲಿ ಉತ್ತರವಿದೆ. ಧರ್ಮದಲ್ಲಿ ಏನು ಉತ್ತರವಿದೆ ಎಂದು ನಾನು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ.

ಕಮಲಾಪುರ ಇರುವುದು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ, ಮಹಾಗಾಂವ್ ಕ್ರಾಸ್ ದಾಟಿದ ಮೇಲೆ. ಈಗ ತಾಲ್ಲೂಕು ಕೇಂದ್ರ. ಕೆಂಪು ಬಾಳೆಗೆ ಹೆಸರಾದ ಊರು, ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಒಂದೂವರೆ ವರ್ಷದ ಹತ್ತಿರ ಕಾಯಿಸುತ್ತದೆ, ನೀರೂ ಹೆಚ್ಚು ಬೇಕು. ಹಾಗಾಗಿ ದರವೂ ಹೆಚ್ಚು. ನಮ್ಮ ಕಾಕಿ ಆ ಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ನಿಲ್ಲುವ ಕಡೆ ಮಾರುತ್ತಾಳೆ. ಅವಳಿಗೆ ಓದು ಬರುವುದಿಲ್ಲ, ಲೆಕ್ಕ ಮಾತ್ರ ಪಕ್ಕಾ. ಯಾರ ಉದ್ರಿ ಎಷ್ಟು, ಯಾವ ತೋಟದವನಿಗೆ ಎಷ್ಟು ಕೊಡಬೇಕು, ಎಲ್ಲ ಬಾಯಿಯ ಮೇಲೆ. ಹೋದ ಸಲ ತವರಿಗೆ ಹೋದಾಗ ಅವಳ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದೆ. 295 ರೂಪಾಯಿ ಕಡಿತವಾಗಿತ್ತು. ಕಾರ್ಡಿನ ವಾರ್ಷಿಕ ಶುಲ್ಕ 250, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 45. ಹಿಂದಿನ ಪುಟ ತಿರುವಿದರೆ ಹೋದ ವರ್ಷವೂ ಇದೇ ಸಾಲು, ಅದರ ಹಿಂದಿನ ವರ್ಷವೂ ಇದೇ ಸಾಲು.

"ಎಟಿಎಂ ಎಲ್ಲದ ಕಾಕಿ?" ಎಂದು ಕೇಳಿದೆ.

ಟ್ರಂಕಿನ ತಳದಿಂದ, ಹಳೆಯ ಇಳಕಲ್ ಸೀರೆಯ ಮಡಿಕೆಯೊಳಗಿಂದ ತೆಗೆದುಕೊಟ್ಟಳು. ಬ್ಯಾಂಕಿನ ಲಕೋಟೆಯಲ್ಲೇ ಇತ್ತು. ಪಿನ್ ಮಾಡಿಸಿರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ಕು, ಮೇಲೆ ಬೆಳ್ಳಿಯ ಅಕ್ಷರದಲ್ಲಿ ಪ್ಲಾಟಿನಂ ಎಂದಿತ್ತು, ಎಡಕ್ಕೆ ಚಿಪ್ಪು, ಮೂಲೆಯಲ್ಲಿ ಹೊರದೇಶದ ಜಾಲದ ಗುರುತು. ಚಿಪ್ಪಿನ ಮೇಲೆ ಒಂದು ಗೀರು ಸಹ ಇರಲಿಲ್ಲ; ಒಮ್ಮೆಯೂ ಯಂತ್ರದೊಳಗೆ ಹೋಗದ ಕಾರ್ಡು ಅದು.

"ಹಳೇದು ನಡ್ಯಾಂಗಿಲ್ಲ, ಚಿಪ್ಪಿಂದು ಬರ್ತದ ಅಂದ್ರು. ಹೂಂ ಅಂದೆ. ಹೆಬ್ಬಟ್ಟು ಒತ್ತಿಸ್ಕೊಂಡ್ರು. ತಂದು ಇಟ್ಟೀನಿ. ಯಾಕ ಯವ್ವಾ, ಇಟ್ಟಿದ್ದಕ್ಕೂ ರೊಕ್ಕ ಕೊಡಬೇಕೇನು?"

ಹಳೆಯ ಕಪ್ಪುಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ ಮುಗಿಯುವುದರೊಳಗೆ ಚಿಪ್ ಕಾರ್ಡುಗಳಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ನಿಜ. ಹಾಗೆ ಬದಲಿಸುವಾಗ ಸಾದಾ ಕಾರ್ಡಿದ್ದವಳಿಗೆ ಸಾದಾ ಕಾರ್ಡೇ ಕೊಡಬಹುದಿತ್ತು. ಪ್ಲಾಟಿನಂ ಕೊಟ್ಟರು. ಪ್ಲಾಟಿನಂ ಕಾರ್ಡಿನಲ್ಲಿ ದಿನಕ್ಕೆ ತೆಗೆಯಬಹುದಾದ ಹಣದ ಮಿತಿ ದೊಡ್ಡದು, ಹಲವು ಬ್ಯಾಂಕುಗಳಲ್ಲಿ ವಿಮಾನ ನಿಲ್ದಾಣದ ಲೌಂಜಿನಲ್ಲಿ ಕೂತು ಊಟ ಮಾಡುವ ಸೌಲಭ್ಯವೂ ಇರುತ್ತದೆ, ಹೊರದೇಶದಲ್ಲೂ ನಡೆಯುತ್ತದೆ. ಕಾಕಿ ನೋಡಿದ ಅತಿ ದೂರದ ಊರು ತುಳಜಾಪುರ.

ಕಾರ್ಡುಗಳ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಬಹಳ ಮಂದಿಗೆ ಬಗೆಗಳಿವೆ ಎಂಬುದೇ ಗೊತ್ತಿಲ್ಲ. ಒಂದು ಜಾಲದ ಭೇದ. ವೀಸಾ, ಮಾಸ್ಟರ್‌ಕಾರ್ಡ್ ಹೊರದೇಶದ ಕಂಪನಿಗಳದ್ದು. ರುಪೇ ನಮ್ಮ ರಾಷ್ಟ್ರೀಯ ಪಾವತಿ ನಿಗಮದ್ದು, 2012ರಲ್ಲಿ ಶುರುವಾದದ್ದು. ಇನ್ನೊಂದು ದರ್ಜೆಯ ಭೇದ. ಕ್ಲಾಸಿಕ್, ಗೋಲ್ಡ್, ಪ್ಲಾಟಿನಂ ಎಂದು ಮೇಲಕ್ಕೆ ಹೋದಂತೆ ಶುಲ್ಕವೂ ಮೇಲಕ್ಕೆ ಹೋಗುತ್ತದೆ. ಒಂದು ಅಂದಾಜು ಸಿಗಲೆಂದು ಸ್ಟೇಟ್ ಬ್ಯಾಂಕಿನ ಪ್ರಕಟಿತ ದರವನ್ನೇ ಹೇಳುತ್ತೇನೆ: 2024ರ ಏಪ್ರಿಲ್ 1ರಿಂದ ಕ್ಲಾಸಿಕ್ ಕಾರ್ಡಿನ ವಾರ್ಷಿಕ ನಿರ್ವಹಣಾ ಶುಲ್ಕ 125ರಿಂದ 200ಕ್ಕೆ, ಗೋಲ್ಡ್ ವರ್ಗದ್ದು 175ರಿಂದ 250ಕ್ಕೆ, ಪ್ಲಾಟಿನಂನದು 250ರಿಂದ 325ಕ್ಕೆ ಏರಿತು. ಇದೆಲ್ಲದರ ಮೇಲೆ ಜಿಎಸ್‌ಟಿ ಬೇರೆ. ಹಾಗಾಗಿಯೇ ಲಕ್ಷಾಂತರ ಪಾಸ್‌ಬುಕ್ಕುಗಳಲ್ಲಿ 236 ಎಂಬ ಅಂಕಿ ಕಾಣುವುದು. ಬೇರೆ ಬ್ಯಾಂಕುಗಳ ದರ ಬೇರೆ ಬೇರೆ.

ಇವೆಲ್ಲಕ್ಕಿಂತ ಕೆಳಗೆ, ಯಾರೂ ತಾನಾಗಿ ತೋರಿಸದ ಒಂದು ಮೆಟ್ಟಿಲಿದೆ. ಅದರ ಹೆಸರು ಮೂಲ ಉಳಿತಾಯ ಖಾತೆ. 2012ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಎಲ್ಲ ಬ್ಯಾಂಕುಗಳಿಗೂ ಕಡ್ಡಾಯ ಮಾಡಿತು. ಇಷ್ಟೇ ಹಣ ಇರಬೇಕು ಎಂಬ ಕಟ್ಟುಪಾಡಿಲ್ಲ, ಎಟಿಎಂ ಕಾರ್ಡು ಉಚಿತ, ಅದಕ್ಕೆ ವಾರ್ಷಿಕ ಶುಲ್ಕವೂ ಇಲ್ಲ, ತಿಂಗಳಿಗೆ ಕಡಿಮೆಯೆಂದರೂ 4 ಸಲ ಹಣ ತೆಗೆಯಬಹುದು. ಬಡವರೇ ಆಗಿರಬೇಕೆಂದಿಲ್ಲ, ಯಾರು ಕೇಳಿದರೂ ಕೊಡಬೇಕು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬುದೊಂದು ಷರತ್ತು. ಕಾಕಿಗೆ ಬೇಕಾಗಿದ್ದದ್ದು ಇದು. ಕಾಕಿಗೆ ಸಿಕ್ಕದ್ದು ಪ್ಲಾಟಿನಂ.

ಹಾಗಾದರೆ ಶುಲ್ಕವೇ ಅಧರ್ಮವೇ? ನಾನು ಹಾಗೆ ಹೇಳುವುದಿಲ್ಲ. ಕೌಂಟರಿನ ಒಳಗಿದ್ದವಳಿಗೆ ಒಳಗಿನ ಕೆಲಸ ಗೊತ್ತಿದೆ. ಎಟಿಎಂ ಯಂತ್ರಕ್ಕೆ ನೋಟು ತುಂಬಲು ಬಂದೂಕಿನ ಕಾವಲಿನೊಂದಿಗೆ ವ್ಯಾನು ಬರಬೇಕು. ಎಸಿ ನಡೆಯಬೇಕು, ಲೈನು ಕಡಿಯಬಾರದು. ನಿಮ್ಮ ಬ್ಯಾಂಕಿನ ಕಾರ್ಡನ್ನು ಇನ್ನೊಂದು ಬ್ಯಾಂಕಿನ ಯಂತ್ರದಲ್ಲಿ ಹಾಕಿ ಹಣ ತೆಗೆದರೆ, ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ 2025ರ ಮೇ 1ರಿಂದ 19 ರೂಪಾಯಿ ಕೊಡಬೇಕು. ನಿಮಗೆ ಅದು ಉಚಿತವಾಗಿ ಕಂಡರೂ ಯಾರೋ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ರುಪೇ ಕಾರ್ಡು ಉಜ್ಜಿದರೆ ಅಂಗಡಿಯವನಿಂದ ಕಮಿಷನ್ ತೆಗೆದುಕೊಳ್ಳಬಾರದೆಂದು 2020ರ ಜನವರಿ 1ರಿಂದ ನಿಯಮವಾಯಿತು. ಅದರ ಖರ್ಚು ಮಾಯವಾಗಲಿಲ್ಲ, ಬ್ಯಾಂಕುಗಳ ಮೇಲೆ, ಸರ್ಕಾರದ ಬೊಕ್ಕಸದ ಮೇಲೆ ಹೋಯಿತು. ದುಡಿದವನಿಗೆ ಕೂಲಿ ಸಲ್ಲಬೇಕು. ಕಾಯಕಕ್ಕೆ ಬೆಲೆಯಿಲ್ಲ ಎಂದು ನಮ್ಮ ನಾಡಿನ ಯಾವ ಶರಣರೂ ಹೇಳಿಲ್ಲ. ಯಂತ್ರದಿಂದ ಹಣ ತೆಗೆದು, ಅದರ ಕೂಲಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದೂ ಧರ್ಮವಲ್ಲ.

ಈ ಮಾತನ್ನು ನನಗೆ ಸ್ಪಷ್ಟ ಮಾಡಿಕೊಟ್ಟವರು ಒಬ್ಬ ಖಾಲಾ. ಖ್ವಾಜಾ ಬಂದೇ ನವಾಜರ ದರ್ಗಾದ ಕಡೆ ಅವರ ಮನೆ. ಗಂಡನ ಪಿಂಚಣಿ ಬರುತ್ತದೆ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ. ಉಳಿತಾಯ ಖಾತೆಯಲ್ಲಿ ಹಣ ಬಿದ್ದಿದ್ದರೆ ಬ್ಯಾಂಕು ಮೂರು ತಿಂಗಳಿಗೊಮ್ಮೆ ತಾನಾಗಿ ಬಡ್ಡಿ ಹಾಕುತ್ತದೆ, ಬೇಡವೆಂದರೂ ಹಾಕುತ್ತದೆ. ಖಾಲಾ ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಸಾಲುಗಳ ಪಕ್ಕ ಸೀಸದಕಡ್ಡಿಯಿಂದ ಸಣ್ಣ ಗೆರೆ ಎಳೆದಿರುತ್ತಾರೆ. ವರ್ಷದ ಕೊನೆಗೆ ಅಷ್ಟನ್ನೂ ಕೂಡಿಸಿ, ಅಷ್ಟೇ ಹಣವನ್ನು ತೆಗೆದು ದವಾಖಾನೆಯ ಖರ್ಚಿಗೆ ಒದ್ದಾಡುವ ಯಾರಿಗಾದರೂ ಕೊಡುತ್ತಾರೆ. ಅದನ್ನು ದಾನ ಎಂದು ಅವರು ಎಣಿಸುವುದಿಲ್ಲ, ಅದರ ಪುಣ್ಯವನ್ನೂ ಬಯಸುವುದಿಲ್ಲ. ತಮ್ಮದಲ್ಲದ್ದನ್ನು ತಮ್ಮ ಮನೆಯಿಂದ ಹೊರಗೆ ಹಾಕುವುದಷ್ಟೇ ಅವರ ಉದ್ದೇಶ.

ಒಂದು ವರ್ಷ ಅವರ ಖಾತೆಗೆ 412 ರೂಪಾಯಿ ಬಡ್ಡಿ ಬಂದಿತ್ತು, ಕಾರ್ಡಿನ ಶುಲ್ಕವೆಂದು 177 ರೂಪಾಯಿ ಹೋಗಿತ್ತು. ಮಗ ಹೇಳಿದನಂತೆ: ಬ್ಯಾಂಕಿನದೇ ಬಡ್ಡಿ, ಬ್ಯಾಂಕಿನದೇ ಶುಲ್ಕ, ವಜಾ ಮಾಡಿ ಉಳಿದದ್ದನ್ನು ಕೊಟ್ಟರೆ ಆಯಿತು. ಈ ವಿಷಯದಲ್ಲಿ ಉಲಮಾಗಳಲ್ಲೂ ಒಂದೇ ಅಭಿಪ್ರಾಯವಿಲ್ಲ. ಬ್ಯಾಂಕು ಕೊಟ್ಟ ಬಡ್ಡಿಯನ್ನು ಬ್ಯಾಂಕಿನ ಕಡಿತಕ್ಕೇ ಹೊಂದಿಸಬಹುದು ಎನ್ನುವವರಿದ್ದಾರೆ; ಶುಲ್ಕ ಅಂದರೆ ನೀನು ಪಡೆದ ಸೇವೆಯ ಕೂಲಿ, ಬಡ್ಡಿಯ ಹಣದಿಂದ ಅದನ್ನು ತೀರಿಸಿದರೆ ಬಡ್ಡಿಯ ಲಾಭ ನೀನೇ ಉಂಡಂತೆ ಎನ್ನುವವರೂ ಇದ್ದಾರೆ. ಖಾಲಾ ನನ್ನ ಹತ್ತಿರ ಬಂದದ್ದು ಫತ್ವಾ ಕೇಳಲು ಅಲ್ಲ. ಆ 177 ಯಾತರದ್ದು ಎಂದು ತಿಳಿದುಕೊಳ್ಳಲು ಬಂದಿದ್ದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ತಿಂಗಳಾ ತಿಂಗಳಾ ಆ ಕಾರ್ಡ್ ಹಾಕೇ ಪೆನ್ಷನ್ ತೆಗೀತೀನಿ ಬೇಟಿ. ಅದರ ಮಜೂರಿ ನನ್ನ ರೊಕ್ಕದಾಗೇ ಹೋಗ್ಬೇಕು. ಬ್ಯಾಜ್ ಅಷ್ಟೂ ಕೊಟ್ಟಬಿಡ್ತೀನಿ."

412 ರೂಪಾಯಿಯನ್ನೂ ಕೊಟ್ಟರು. 177ನ್ನು ಪಿಂಚಣಿಯಿಂದ ಹೋದ ನ್ಯಾಯವಾದ ಖರ್ಚು ಎಂದು ಒಪ್ಪಿಕೊಂಡರು.

ಕಾಕಿಯ ಪಾಸ್‌ಬುಕ್ಕಿನ ಸಾಲೂ ಖಾಲಾರ ಪಾಸ್‌ಬುಕ್ಕಿನ ಸಾಲೂ ನೋಡಲು ಒಂದೇ. ಅವೇ ತುಂಡಕ್ಷರಗಳು, ಅದೇ ಜಿಎಸ್‌ಟಿ. ಒಂದು ಕೂಲಿ. ಇನ್ನೊಂದನ್ನು ಏನೆನ್ನಬೇಕು? ಕಂಪ್ಯೂಟರಿಗೆ ಎರಡರ ಭೇದ ಗೊತ್ತಾಗುವುದಿಲ್ಲ. ಭೇದ ಇರುವುದು ಅಂಕಿಯಲ್ಲಿ ಅಲ್ಲ, ಕೊಟ್ಟವರ ಅರಿವಿನಲ್ಲಿ. ಖಾಲಾಗೆ ಯಾತಕ್ಕೆ ಕೊಟ್ಟೆ ಎಂದು ಗೊತ್ತಿತ್ತು, ಕೊಟ್ಟದ್ದಕ್ಕೆ ಕೆಲಸವಾಗಿತ್ತು. ಕಾಕಿಗೆ ಕೊಟ್ಟದ್ದೇ ಗೊತ್ತಿರಲಿಲ್ಲ, ಕೆಲಸವೂ ಆಗಿರಲಿಲ್ಲ.

ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ ಹೋದಾಗೆಲ್ಲ ಪಂಚಶೀಲದ ಎರಡನೆಯ ಶೀಲ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕದಿಯಬಾರದು ಎಂದಷ್ಟೇ ಅದು ಹೇಳುವುದಿಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದರಿಂದ ದೂರ ಇರುತ್ತೇನೆ ಎಂಬುದು ಅದರ ಪ್ರತಿಜ್ಞೆ. ಕಳ್ಳತನ ಎಂದರೆ ಕಳ್ಳನ ಮನಸ್ಸನ್ನು ಶೋಧಿಸಬೇಕು, ಅವನು ಸಾವಿರ ಸಮಜಾಯಿಷಿ ಕೊಟ್ಟಾನು. ಈ ಶೀಲದಲ್ಲಿ ಕೇಳುವುದು ಒಂದೇ: ಕೊಟ್ಟರೋ ಇಲ್ಲವೋ. ಕೊಟ್ಟರು ಅನ್ನಬೇಕಾದರೆ ಕೊಡುವವರಿಗೆ ಏನು ಕೊಡುತ್ತಿದ್ದೇನೆ ಎಂದು ತಿಳಿದಿರಬೇಕು. ಹೆಬ್ಬಟ್ಟಿನ ಗುರುತು ಹಾಳೆಯ ಮೇಲೆ ಬಿದ್ದಿದೆ, ಅದು ನಿಜ. ಆ ಹಾಳೆ ಇಂಗ್ಲಿಷಿನಲ್ಲಿತ್ತು, ಅಕ್ಷರ ಸಾಸಿವೆ ಕಾಳಿನಷ್ಟಿತ್ತು, ಯಾರೂ ಓದಿ ಹೇಳಲಿಲ್ಲ, ಇದೂ ನಿಜ. ಕಾನೂನಿಗೆ ಮೊದಲನೆಯ ನಿಜ ಸಾಕಾದೀತು. ಧರ್ಮಕ್ಕೆ ಎರಡನೆಯದೂ ಬೇಕು.

ಬ್ಯಾಂಕಿನ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಅವರ ಎದುರು ಉದ್ದ ಸಾಲು, ಮೇಲಿನಿಂದ ದಿನದಿನದ ಗುರಿ, ಎರಡು ಕೌಂಟರಿಗೆ ಒಬ್ಬ ನೌಕರ. ಸೋಮವಾರದ ಸಂತೆಯಂಥ ಗದ್ದಲದಲ್ಲಿ ಪ್ರತಿಯೊಬ್ಬರಿಗೂ ಕಾರ್ಡಿನ ದರಪಟ್ಟಿ ಓದಿ ಹೇಳು ಅಂದರೆ ಅವರಾದರೂ ಏನು ಮಾಡಿಯಾರು? ನನ್ನ ಮಾತು ನೌಕರನ ಮೇಲಿನದಲ್ಲ, ಕೇಳಬೇಕಾದ ಪ್ರಶ್ನೆಯನ್ನು ಯಾರ ತಲೆಯ ಮೇಲೆ ಇಟ್ಟಿದ್ದೇವೆ ಎಂಬುದರ ಮೇಲಿನದು.

ಇಲ್ಲಿ ನನಗೆ ಲಕ್ಕಮ್ಮ ಬೇಕು. ಕಮಲಾಪುರದ ಮೇಲಿಂದ ಹೋಗುವ ಅದೇ ರಸ್ತೆ ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಮುಟ್ಟಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅಲ್ಲಿಗೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ಜಂಗಮ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ, ಇದು ನಮ್ಮ ಅಳತೆಯದಲ್ಲ, ಹೆಚ್ಚಿನದನ್ನು ಒಯ್ದು ಅಲ್ಲೇ ಚೆಲ್ಲಿ ಬಾ ಎಂದು ಕಳಿಸಿದಳು. ಬಸವಣ್ಣನವರೇ ಆ ದಿನ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರು ಎಂದೂ ಕಥೆ ಹೇಳುವವರು ಹೇಳುತ್ತಾರೆ.

ಚಿಕ್ಕಂದಿನಿಂದ ಕೇಳಿದ ಕಥೆ. ಆಸೆ ಮಾಡಬಾರದು ಎಂಬುದಕ್ಕೆ ದೃಷ್ಟಾಂತವಾಗಿ ಪುರಾಣದ ಶಾಸ್ತ್ರಿಗಳು ಹೇಳುತ್ತಿದ್ದರು. ನನಗೆ ಈಗ ಅದರಲ್ಲಿ ಬೇರೆಯದೇ ಕಾಣುತ್ತದೆ. ಆ ಅಕ್ಕಿಯ ಒಡೆಯನಿಗೆ ದೂರಿರಲಿಲ್ಲ. ಚೆಲ್ಲಿದ ಅಕ್ಕಿ, ಯಾರೂ ಕೇಳುವವರಿಲ್ಲ. ಕೊಡುವವನ ಕಡೆಯಿಂದ ನೋಡಿದರೆ ಕೊಟ್ಟೇ ಆಗಿತ್ತು. ಆದರೂ ಲಕ್ಕಮ್ಮ ಕೇಳಿದಳು. ಕೇಳಿದ್ದು ತನ್ನನ್ನು, ತನ್ನ ಗಂಡನನ್ನು. ಇಷ್ಟು ನಮಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಅವಳು ತೆಗೆದುಕೊಳ್ಳುವವರ ಮನೆಯೊಳಗೇ ಇಟ್ಟಳು. ಖಾಲಾ ಮಾಡಿದ್ದೂ ಅದೇ. ಬ್ಯಾಂಕು ಬಡ್ಡಿ ಕೊಟ್ಟಾಗ ಇದು ನನ್ನದೋ ಅಲ್ಲವೋ ಎಂದು ತೆಗೆದುಕೊಳ್ಳುವವರಾಗಿ ತಮ್ಮನ್ನು ತಾವೇ ಕೇಳಿಕೊಂಡರು.

ನಾವು ಕಟ್ಟಿಕೊಂಡ ವ್ಯವಸ್ಥೆ ಇದಕ್ಕೆ ಪೂರ್ತಿ ಉಲ್ಟಾ ಇದೆ. ಕಾಕಿಯ ಮಗ ಶಾಖೆಗೆ ಹೋಗಿ ವಿಚಾರಿಸಿದಾಗ ಸಿಕ್ಕ ಉತ್ತರ, "ನೀವು ಮೊದಲೇ ಕೇಳಬೇಕಾಗಿತ್ತು" ಎಂಬುದು. ತೆಗೆದುಕೊಂಡವರು ಕೇಳಬೇಕಾಗಿದ್ದಿಲ್ಲ, ಕೊಟ್ಟವಳೇ ಕೇಳಬೇಕಾಗಿತ್ತು! ಯಾವ ಕಾರ್ಡು ಬೇಕು, ಅದಕ್ಕೆ ಎಷ್ಟು, ಬೇಡವಾದರೆ ಹೇಗೆ ಹಿಂದಿರುಗಿಸಬೇಕು, ಉಚಿತವಾದದ್ದು ಇದೆಯೇ ಎಂದು ಓದು ಬಾರದ ಹೆಂಗಸು ಮೊದಲೇ ತಿಳಿದುಕೊಂಡು ಬಂದು ಕೇಳಬೇಕಾಗಿತ್ತು. ಇದೆ ಎಂದೇ ಗೊತ್ತಿಲ್ಲದ್ದನ್ನು ಅವಳು ಹೇಗೆ ಕೇಳಿಯಾಳು? ನನ್ನ ಸಂಕಟದ ಬುಡ ಇಲ್ಲಿದೆ. ಬಲವಿದ್ದವನು ತೆಗೆದುಕೊಳ್ಳುವಾಗ ಕೇಳುವ ಹೊಣೆ ಅವನದು. ಇದನ್ನು ಶರಣರು ತಮ್ಮ ಮೇಲೆ ಹಾಕಿಕೊಂಡಿದ್ದರು. ನಾವು ಅದನ್ನು ಕಾಕಿಯ ಮೇಲೆ ಹಾಕಿದ್ದೇವೆ.

ಇನ್ನೊಂದು ಲೆಕ್ಕ. ಕಮಲಾಪುರದ ಸುತ್ತ ತಾಂಡಾಗಳು ಬಹಳ. ಅಲ್ಲಿಯ ಹುಡುಗರು ಗಾರೆ ಕೆಲಸಕ್ಕೆ ಹೈದರಾಬಾದಿಗೆ, ಬೆಂಗಳೂರಿಗೆ ಹೋಗುತ್ತಾರೆ. ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ಕಲಬುರಗಿಯಂಥ ಊರಿನಲ್ಲಿ ತಿಂಗಳಿಗೆ 5 ಸಲ ಉಚಿತ. ಬೆಂಗಳೂರು, ಹೈದರಾಬಾದ್, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಗಳಲ್ಲಿ 3 ಸಲ ಮಾತ್ರ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಿದ್ದೂ ಒಂದು ಸಲವೆಂದೇ ಲೆಕ್ಕ. ಅದರ ಮೇಲೆ ಹಣ ತೆಗೆದರೆ ಪ್ರತಿ ಸಲಕ್ಕೆ ಹೆಚ್ಚೆಂದರೆ 23 ರೂಪಾಯಿ, ಜಿಎಸ್‌ಟಿ ಸೇರಿದರೆ 27 ರೂಪಾಯಿ 14 ಪೈಸೆ. ಊರಲ್ಲಿದ್ದಾಗ 5 ಎಂದು ಎಣಿಸಿಕೊಂಡವನು ಬೆಂಗಳೂರಿನಲ್ಲೂ 5 ಎಂದೇ ತಿಳಿದಿರುತ್ತಾನೆ. ಅವನು ತೆಗೆಯುವುದು ಒಂದು ಸಲಕ್ಕೆ 500. ಅವನಿಗೆ ಅದು ನೂರಕ್ಕೆ 5 ರೂಪಾಯಿ 40 ಪೈಸೆಯ ಮೇಲೆ ಬಿತ್ತು. 10,000 ತೆಗೆಯುವವನಿಗೆ ನೂರಕ್ಕೆ 27 ಪೈಸೆ. ಕಡಿಮೆ ಇದ್ದವನು ಕಡಿಮೆ ಕಡಿಮೆಯಾಗಿಯೇ ತೆಗೆಯುತ್ತಾನೆ, ಹಾಗಾಗಿ ಹೆಚ್ಚು ಕೊಡುತ್ತಾನೆ. ಇನ್ನು ದೊಡ್ಡ ಸಂಬಳದ ಖಾತೆ, ದೊಡ್ಡ ಠೇವಣಿ ಇರುವವರಿಗೆ ಹಲವು ಬ್ಯಾಂಕುಗಳಲ್ಲಿ ಕಾರ್ಡಿನ ವಾರ್ಷಿಕ ಶುಲ್ಕವೇ ಮಾಫಿ.

ಬ್ರಹ್ಮಪುರದ ಶರಣಬಸವೇಶ್ವರ ಗುಡಿ ನಮ್ಮ ಮನೆಗೆ ಹತ್ತಿರ. ಅಲ್ಲಿಯ ದಾಸೋಹದಲ್ಲಿ ಪಂಕ್ತಿಗೆ ಕೂತವನನ್ನು ನಿನ್ನ ಹತ್ತಿರ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಇದ್ದವನು ಜೋಳ ತಂದು ಸುರಿಯುತ್ತಾನೆ, ಇಲ್ಲದವನು ಉಣ್ಣುತ್ತಾನೆ. ಇದ್ದವನಿಗೆ ಮಾಫಿ, ಇಲ್ಲದವನಿಂದ ವಸೂಲಿ ಎಂಬ ಲೆಕ್ಕ ಆ ಊರಿನಲ್ಲೇ, ಆ ಗುಡಿಯಿಂದ ಕೂಗಳತೆಯ ಶಾಖೆಗಳಲ್ಲೇ ನಡೆದಿದೆ. ಬ್ಯಾಂಕು ದಾಸೋಹ ಮನೆಯಲ್ಲ, ನನಗೆ ಗೊತ್ತಿದೆ. ಆದರೆ ಬಡವನ ಮೇಲೆ ಭಾರ ಹೆಚ್ಚಾಗದಂತೆ ನೋಡಿಕೊಳ್ಳಲು ದಾಸೋಹ ಮನೆಯೇ ಆಗಬೇಕೆಂದಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಎನ್ನುವವಳು ನಾನಲ್ಲ. ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು, ಇಂಗ್ರೇಜಿ ಸೀಮೆಯ ರೂಪಾಯಿಗೆ ಕಲದಾರ್ ಎನ್ನುತ್ತಿದ್ದರು. 7 ಹಾಲಿಗೆ 6 ಕಲದಾರ್. 1959ರವರೆಗೂ ಹಾಲಿ ಅಲ್ಲಲ್ಲಿ ಕೈಬದಲಾಗುತ್ತಿತ್ತು. ಸೊಲ್ಲಾಪುರದ ಕಡೆ ಮಾಲು ಮಾರಿ ಬಂದ ನಮ್ಮ ಅಜ್ಜ ಕಲದಾರ್ ಬದಲಿಸಲು ಸಾಹುಕಾರನ ಗಾದಿಗೆ ಹೋದರೆ ವಟ್ಟ ಕೊಡಲೇಬೇಕಿತ್ತು. ಸಾಹುಕಾರರು ಅದರಲ್ಲಿ ಕೈಚಳಕ ತೋರಿಸಿದ್ದೂ ಉಂಟು. ಆದರೆ ಅಜ್ಜನಿಗೆ ವಟ್ಟ ಎಷ್ಟು ಎಂದು ಎದುರಿಗೇ ಹೇಳುತ್ತಿದ್ದರು. ದುಬಾರಿಯಾಯಿತು ಅಂದರೆ ಎದ್ದು ಮುಂದಿನ ಗಾದಿಗೆ ಹೋಗಬಹುದಿತ್ತು. ಕಾಕಿಗೆ ಆ ಎದ್ದು ಹೋಗುವ ಹಕ್ಕು ಯಾವತ್ತು ಇತ್ತು, ಯಾವತ್ತು ಹೋಯಿತು ಎಂಬುದೇ ತಿಳಿಯಲಿಲ್ಲ.

ತೆಗೆದುಕೊಳ್ಳುವಾಗಿನ ಮೌನ ಒಂದಾದರೆ, ಕೊಡಬೇಕಾದಾಗಿನ ಮೌನ ಇನ್ನೊಂದು. ಇದು ನನ್ನನ್ನು ಹೆಚ್ಚು ಕಾಡುತ್ತದೆ. 2014ರ ಆಗಸ್ಟ್ 28ರಂದು ಶುರುವಾದ ಜನಧನ ಯೋಜನೆಯ ಖಾತೆಗೆ ರುಪೇ ಕಾರ್ಡು ಕೊಡುತ್ತಾರೆ, ಪುಕ್ಕಟೆ. ಅದರ ಜೊತೆ ಅಪಘಾತ ವಿಮೆ ಇದೆ. ಮೊದಲು 1 ಲಕ್ಷ ಇತ್ತು. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ 2 ಲಕ್ಷ. ಆದರೆ ಒಂದು ಷರತ್ತು: ಅಪಘಾತದ ದಿನದಿಂದ ಹಿಂದಿನ 90 ದಿನಗಳೊಳಗೆ ಆ ಕಾರ್ಡಿನಿಂದ ಒಮ್ಮೆಯಾದರೂ ವ್ಯವಹಾರ ಆಗಿರಬೇಕು. ಹಣ ತೆಗೆಯಲೇಬೇಕೆಂದಿಲ್ಲ, ಎಷ್ಟಿದೆ ಎಂದು ನೋಡಿದರೂ ನಡೆಯುತ್ತದೆ. ನಮ್ಮ ಹೆಣ್ಣುಮಕ್ಕಳು ಆ ಕಾರ್ಡನ್ನು ಜತನದಿಂದ ಟ್ರಂಕಿನಲ್ಲಿಡುತ್ತಾರೆ, ಕಳೆದರೆ ರೊಕ್ಕ ಹೋದೀತೆಂಬ ಭಯ. ಜತನ ಮಾಡಿದಷ್ಟೂ ವಿಮೆ ದೂರವಾಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಲಾರಿಗಳ ಓಡಾಟ ನೋಡಿದವರಿಗೆ ಈ ಮಾತಿನ ತೂಕ ಹೇಳಬೇಕಾಗಿಲ್ಲ. ಕಾರ್ಡು ಕೊಡುವಾಗ "ಮೂರು ತಿಂಗಳಿಗೊಮ್ಮೆ ಹಾಕವ್ವಾ" ಎಂಬ ಒಂದು ಮಾತು ಹೇಳದೆ ಹೋದರೆ ಒಂದು ಮನೆಗೆ 2 ಲಕ್ಷ ತಪ್ಪುತ್ತದೆ. ಇದನ್ನು ಯಾವ ಪಾಸ್‌ಬುಕ್ಕೂ ತೋರಿಸುವುದಿಲ್ಲ. ಹೋದದ್ದಕ್ಕೆ ಒಂದು ಸಾಲಾದರೂ ಇದೆ, ಬರದೆ ಉಳಿದದ್ದಕ್ಕೆ ಅದೂ ಇಲ್ಲ.

2014ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕರ ಹಕ್ಕುಗಳ ಸನ್ನದನ್ನು ಹೊರಡಿಸಿತು. ಐದು ಹಕ್ಕುಗಳಲ್ಲಿ ಒಂದು, ಗ್ರಾಹಕನಿಗೆ ಮಾರುವುದು ಅವನ ಅಗತ್ಯಕ್ಕೂ ಸ್ಥಿತಿಗೂ ತಕ್ಕದ್ದಾಗಿರಬೇಕು ಎಂಬುದು. ಇನ್ನೊಂದು, ದರ ಮತ್ತು ಷರತ್ತು ಅವನಿಗೆ ಅರ್ಥವಾಗುವಂತೆ ತಿಳಿಸಬೇಕು ಎಂಬುದು. ಲಕ್ಕಮ್ಮನ ಪ್ರಶ್ನೆ ಸರ್ಕಾರಿ ಭಾಷೆಯಲ್ಲಿ ಬರೆದರೆ ಹೀಗೇ ಇದ್ದೀತು ಎಂದು ಓದಿದಾಗ ನನಗೆ ಅನ್ನಿಸಿತ್ತು. ಹಾಳೆಯ ಮೇಲೆ ಇರುವುದು ಕೌಂಟರಿಗೆ ಇಳಿಯಬೇಕಷ್ಟೆ. ಶುಲ್ಕ ಕಡಿಯುವ ಹದಿನೈದು ದಿನ ಮೊದಲು ಕನ್ನಡದಲ್ಲಿ ಒಂದು ಮೆಸೇಜು, ಓದು ಬಾರದವರಿಗೆ ಒಂದು ಫೋನು, "ನಿಮ್ಮ ಕಾರ್ಡು ಇಂಥದ್ದು, ವರ್ಷಕ್ಕೆ ಇಷ್ಟು, ಬೇಕೋ ಬೇಡವೋ" ಎಂದು. ಸಾಲದ ಕಂತು ತಪ್ಪಿದಾಗ ದಿನಕ್ಕೆರಡು ಸಲ ಫೋನು ಮಾಡಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ. ಬೇಡ ಅಂದವರಿಗೆ ಶುಲ್ಕವಿಲ್ಲದ ಕಾರ್ಡು ಕೊಡಲಿ. ಬೇಕು ಅಂದವರು ಖಾಲಾರಂತೆ ತಿಳಿದು ಕೊಡುತ್ತಾರೆ, ಆಗ ಅದು ಪೂರ್ತಿ ನ್ಯಾಯದ ಕೂಲಿಯಾಗುತ್ತದೆ, ತೆಗೆದುಕೊಂಡ ಬ್ಯಾಂಕಿಗೂ ಅದು ದಕ್ಕುತ್ತದೆ.

ಕಾಕಿಯ ಪ್ಲಾಟಿನಂ ಕಾರ್ಡನ್ನು ಅರ್ಜಿ ಕೊಟ್ಟು ಹಿಂದಿರುಗಿಸಿದೆವು. ಅವಳ ಖಾತೆ ಈಗ ಮೂಲ ಉಳಿತಾಯ ಖಾತೆ. ಹೊಸ ರುಪೇ ಕಾರ್ಡಿಗೆ ಅವಳೇ ನಿಂತು ಪಿನ್ ಮಾಡಿಸಿಕೊಂಡಳು, ಮೊಮ್ಮಗನಿಗೂ ಹೇಳಿಲ್ಲ.

ಓದುವವರಲ್ಲಿ ನನ್ನದೊಂದು ಕೇಳಿಕೆ. ಈ ವಾರ ನಿಮ್ಮ ಅವ್ವನ, ಅತ್ತೆಯ, ಮನೆಗೆಲಸಕ್ಕೆ ಬರುವ ಬಾಯಿಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಆ ಒಂದು ಸಾಲು ಹುಡುಕಿ. ಕಾರ್ಡು ಯಾವ ದರ್ಜೆಯದು ನೋಡಿ. ಬಳಸದ ಕಾರ್ಡಿದ್ದರೆ ಬರೆದುಕೊಟ್ಟು ಹಿಂದಿರುಗಿಸಿ, ಸ್ವೀಕೃತಿ ಪಡೆಯಿರಿ. ಜನಧನ ಕಾರ್ಡಿದ್ದರೆ ಮೂರು ತಿಂಗಳು ತುಂಬುವ ಮೊದಲು ಒಮ್ಮೆ ತಮ್ಮದೇ ಬ್ಯಾಂಕಿನ ಎಟಿಎಂಗೆ ಕರೆದುಕೊಂಡು ಹೋಗಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ವಿಚಾರಿಸುವ ನಂಬರು 14448.